ಸಕ್ಕರೆ ಸೂಜಿಯ ಮೊಂಜಿಯಾ

ಬೆಳಗಿನ ಬಾಂಗು ಮುಗಿದಿದೆ, ಬೀದಿದೀಪ ಇನ್ನೂ ಆರಿಲ್ಲ. ಕಡಲತೀರದ ಊರು ಸ್ಫಾಕ್ಸ್‌ನ ಹಳೇ ಕೋಟೆಯ ಬಾಬ್ ಜೆಬ್ಲಿ ಬಾಗಿಲೊಳಗೆ ಒಂದು ಮೊಪೆಡ್ ನುಗ್ಗುತ್ತದೆ. ಮೀನಿನ ಪೆಟ್ಟಿಗೆ ಇಳಿಸುತ್ತಿದ್ದವರು ತಿರುಗಿ ನೋಡದೆ, ಸದ್ದಿಗೇ ದಾರಿ ಬಿಡುತ್ತಾರೆ. ಓಡಿಸುತ್ತಿರುವ ಮೊಂಜಿಯಾರ ತಲೆವಸ್ತ್ರದ ಮೇಲೆ ಗಂಡನ ಉಣ್ಣೆ ಟೋಪಿ. ಕಾಲುಗಳ ನಡುವೆ ಮೂರು ಡಬ್ಬಿಯ ಊಟದ ಕ್ಯಾರಿಯರ್. ಮೇಲಿನದರಲ್ಲಿ ಮಧ್ಯಾಹ್ನದ ಊಟ, ಕೆಳಗಿನದರಲ್ಲಿ ಐಸು, ನಡುವಿನದರಲ್ಲಿ ಬಟ್ಟೆ ಸುತ್ತಿದ ಸಿರಿಂಜು. ಡಿಸೆಂಬರಿನ ಚಳಿಗೆ ಎಣ್ಣೆಗಾಣಗಳ ವಾಸನೆ ಊರಿನ ಮೇಲೆ ಕಂಬಳಿಯಂತೆ ಕೂತಿದೆ.

ಒಂದು ನೀಲಿ ಬಾಗಿಲ ಮುಂದೆ ಮೊಪೆಡ್ ನಿಲ್ಲುತ್ತದೆ. ಒಳಗೆ ಅಂಗಳ. ಅಂಗಳದ ಒಂದು ಬದಿ ಎಪ್ಪತ್ತು ದಾಟಿದ, ಹಜ್ ಯಾತ್ರೆ ಮಾಡಿ ಬಂದು ಹಾಜ್ಜಾ ಎನ್ನಿಸಿಕೊಂಡ ಶೆಡ್ಲಿಯಾ ಅವರ ಮನೆ. ಎದುರು ಬದಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವವನು ಮಕ್ರಮ್. ಸಿಹಿತಿಂಡಿ ಅಂಗಡಿಯೊಂದರಲ್ಲಿ ಬಕ್ಲಾವಾ ಮಾಡುವ ಕೈ ಅವನದು. ವಯಸ್ಸು ಮೂವತ್ತನಾಲ್ಕು, ಮದುವೆಯಾಗಿಲ್ಲ.

"ಬಂದ್ಯಾ ಮಗಳೇ? ಹೇಗಿದೆ ನಮ್ಮ ಹುಡುಗನ ಸಕ್ಕರೆ?" ಹಾಜ್ಜಾ ಅಡುಗೆಮನೆಯ ಕಿಟಕಿಯಿಂದಲೇ ಕೇಳುತ್ತಾರೆ. ಅವರ ಒಲೆಯ ಮೇಲೆ ಏನೋ ಕುದಿಯುತ್ತಿದೆ.

"ಇಳೀತಾ ಇದೆ ಹಾಜ್ಜಾ, ದೇವರ ದಯೆ."

"ಇಳೀಲೇಬೇಕು. ನಿನ್ನೆ ನನ್ನ ಮೊಮ್ಮಗಳ ನಿಶ್ಚಿತಾರ್ಥ. ಬೀದಿಗೆಲ್ಲ ಬಾದಾಮಿ ಮಿಠಾಯಿ ಹಂಚಿಸಿದೆ. ಇವನ ಬಾಗಿಲು ಮಾತ್ರ ಬಿಟ್ಟು ಮುಂದೆ ಹೋಗಿ ಅಂದೆ. ಕರುಳು ಚುರುಕ್ ಅಂತು ಕಣೇ. ಏನ್ಮಾಡೋದು, ಅವನ ಒಳ್ಳೇದಕ್ಕೇ ತಾನೆ?"

ಕೋಣೆಯೊಳಗೆ ಮಕ್ರಮ್ ಗೋಡೆಗೊರಗಿ ಕೂತಿದ್ದಾನೆ. ರಾತ್ರಿ ಕಣ್ಣು ಮುಚ್ಚಿದಂತಿಲ್ಲ.

"ಕೇಳಿಸ್ಕೊಂಡ್ರಾ ಚಿಕ್ಕಮ್ಮ? ಆ ಮಿಠಾಯಿ ಮಾಡಿದ್ದು ನಾನು. ಊರೆಲ್ಲ ತಿಂತು, ನನಗೆ ಒಂದು ಚೂರಿಲ್ಲ. ಸುಳ್ಳು ಹೇಳೋಕೆ ನಿಮಗೆ ಬೇರೆ ಕಾಯಿಲೆ ಯಾವ್ದೂ ಸಿಗ್ಲಿಲ್ವಾ?"

"ಸುಮ್ನಿರೋ. ಸಕ್ಕರೆ ಅಂದ್ರೆ ಯಾರೂ ಎರಡನೇ ಪ್ರಶ್ನೆ ಕೇಳಲ್ಲ. ಅಂಗಿ ಎತ್ತು. ಮೂಳೆ ಮಾತಾಡ್ತಾ?"

"ಮಾತಾ? ರಾತ್ರಿಯೆಲ್ಲ ಜಗಳ. ಸೊಂಟ ಒಂದು ಕಡೆ, ಎದೆಮೂಳೆ ಒಂದು ಕಡೆ. ಮಗ್ಗುಲು ಹೊರಳೋಕಾಗ್ತಿಲ್ಲ."

ಮೊಂಜಿಯಾರ ಮುಖ ಅರಳುತ್ತದೆ. "ಆಹಾ! ದೇವರು ದೊಡ್ಡವನು."

"ನಾನಿಲ್ಲಿ ಸಾಯ್ತಿದೀನಿ, ನೀವು ಹಬ್ಬ ಮಾಡ್ತಿದೀರಿ."

"ಎಡಪಕ್ಕೆಯಲ್ಲಿ ನೋವಿದ್ಯಾ? ಎಡಭುಜದಲ್ಲಿ?" ನಗು ನಿಲ್ಲಿಸಿ ಕೇಳುತ್ತಾರೆ. ಆ ಜಾಗದ ನೋವು ಒಳ್ಳೆಯ ಲಕ್ಷಣವಲ್ಲ, ಗುಲ್ಮ ಊದಿರಬಹುದು. ಇಲ್ಲವೆಂದು ಮಕ್ರಮ್ ತಲೆಯಾಡಿಸಿದ ಮೇಲೆಯೇ ಸಿರಿಂಜು ಬಟ್ಟೆಯಿಂದ ಹೊರಗೆ ಬರುತ್ತದೆ. ಅಂಗೈಗಳ ನಡುವೆ ಅದನ್ನು ತುಸು ಹೊತ್ತು ಹಿಡಿದು ತಣ್ಪು ಬಿಡಿಸುತ್ತಾರೆ. ಹೊಟ್ಟೆಯ ಚರ್ಮ ಮಡಚಿ, ಸೂಜಿ ಚುಚ್ಚಿ, ನಿಧಾನಕ್ಕೆ ಒತ್ತುತ್ತಾರೆ. ಅಷ್ಟೇ ಕೆಲಸ. ಕ್ಯಾರಿಯರ್ ಮುಚ್ಚುತ್ತಾ, "ನಾಳೆ ಯಂತ್ರ. ಹೊಟ್ಟೆ ತುಂಬ ತಿಂದು ಬಾ," ಎಂದು ಹೇಳಿ ಹೊರಡುತ್ತಾರೆ.

ಈ ಸೂಜಿಗೂ ಸಕ್ಕರೆ ಕಾಯಿಲೆಗೂ ಸಂಬಂಧವಿಲ್ಲ. ಮಕ್ರಮ್‌ಗೆ ಕೆಲವು ವರ್ಷಗಳಿಂದ ಎಚ್‌ಐವಿ ಇದೆ. ದಿನವೂ ಸಂಜೆ ನುಂಗುವ ಮಾತ್ರೆ ಅದನ್ನು ಮೂಲೆಯಲ್ಲಿ ಕೂರಿಸಿದೆ. ಅದರ ಮೇಲೆ ಬಂದದ್ದು ಲಿಂಫೋಮಾ ಎಂಬ ಕ್ಯಾನ್ಸರ್. ಒಮ್ಮೆ ಔಷಧಿಗೆ ಜಗ್ಗಿ ಹೋಯಿತು, ಈಗ ಮರಳಿ ಬಂದಿದೆ. ಈ ಸಲ ಅದನ್ನು ಓಡಿಸಬೇಕಾದರೆ ಬಹಳ ಕಟುವಾದ ಔಷಧಿ ಬೇಕು, ಮೂಳೆಯೊಳಗಿನ ಮಜ್ಜೆಯನ್ನೇ ಬರಿದು ಮಾಡುವಂಥದ್ದು. ಹಾಗೆ ಬರಿದಾದ ಮೇಲೆ ಮತ್ತೆ ರಕ್ತ ಹುಟ್ಟಲು ಅವನದೇ ಆಕರ ಕೋಶಗಳನ್ನು ಮೊದಲೇ ತೆಗೆದು ಶೀತದಲ್ಲಿ ಕಾಪಿಡಬೇಕು. ಸಾಲುವಷ್ಟು ಸಿಕ್ಕರೆ ಚಿಕಿತ್ಸೆ. ಸಿಗದಿದ್ದರೆ ವೈದ್ಯರಿಗೆ ಆ ಔಷಧಿ ಕೊಡುವ ಧೈರ್ಯವಿಲ್ಲ.

ಮೊಂಜಿಯಾ ಆ ಕೋಶಗಳನ್ನು 'ತಾಯಂದಿರು' ಎನ್ನುತ್ತಾರೆ. "ರಕ್ತ ಎಲ್ಲಾ ಅವರ ಮಕ್ಕಳೇ. ಆದ್ರೆ ಅವರು ಮನೆ ಬಿಟ್ಟು ಹೊರಗೆ ಬರೋ ಹೆಂಗಸರಲ್ಲ. ಮೂಳೆ ಒಳಗೇ ಅವರ ಸಂಸಾರ. ಈ ಸೂಜಿ ಹೋಗಿ ಮನೆ ತುಂಬ ಜನ ಮಾಡುತ್ತೆ, ಗೋಡೆ ಬಿರಿಯೋ ಹಾಗೆ. ಆಗ ಮೂಳೆ ನೋಯುತ್ತೆ. ಜಾಗ ಸಾಲದೆ ಕೆಲವರು ಬೀದಿಗೆ ಬರ್ತಾರೆ, ಅಂದ್ರೆ ರಕ್ತಕ್ಕೆ. ಅಲ್ಲಿ ನಾವು ಕಾಯ್ತಾ ಇರ್ತೀವಿ," ಎಂದು ನಗುತ್ತಾರೆ. ಬೆಳವಣಿಗೆಯ ಪ್ರಚೋದಕ ಎಂದು ಕಾಗದದಲ್ಲಿ ಬರೆದಿರುವ ಔಷಧಿಗೆ ಅವರ ಬಾಯಲ್ಲಿ 'ಬಾಗಿಲು ತಟ್ಟೋದು' ಎಂದೇ ಹೆಸರು.

ಎಚ್‌ಐವಿ ಇರುವವರ ಮಜ್ಜೆ ಈ ಬಾಗಿಲು ತಟ್ಟುವಿಕೆಗೆ ಓಗೊಡುತ್ತದೆಯೇ ಎಂಬುದೇ ಒಂದು ಕಾಲಕ್ಕೆ ಇಲ್ಲಿನ ರಕ್ತವಿಭಾಗದವರ ಅನುಮಾನವಾಗಿತ್ತು. ವಿಭಾಗದ ಡಾಕ್ಟರ್ ಸಿಹೆಮ್ ಹೀಗೆ ಹೇಳುತ್ತಾರೆ: "ಎರಡು ಭಯ ಇತ್ತು ನಮಗೆ. ಸೋಂಕಿರೋ ಮಜ್ಜೆಯಿಂದ ಕೋಶ ಹೊರಗೆ ಬರುತ್ತೋ ಇಲ್ವೋ ಅನ್ನೋದು ಒಂದು. ಅದರ ಜೊತೆಗೆ ಮಲಗಿರೋ ವೈರಸ್ಸನ್ನೂ ನಾವೇ ಎಬ್ಬಿಸ್ತೀವೇನೋ ಅನ್ನೋದು ಇನ್ನೊಂದು. ನಾವು ನೋಡಿದಷ್ಟರಲ್ಲಿ, ಮಾತ್ರೆ ತಪ್ಪಿಸದವರಲ್ಲಿ ವೈರಸ್ ತಲೆ ಎತ್ತಿಲ್ಲ. ಕೋಶಗಳೂ ಹೆಚ್ಚಿನವರಲ್ಲಿ ಎಲ್ಲರಿಗೂ ಬರೋ ಹಾಗೇ ಬರ್ತವೆ. ಕಾಯಿಲೆ ಬಹಳ ಬಲಿತವರಲ್ಲಿ ಮಾತ್ರ ಕಡಿಮೆ."

ಆದರೆ ಆ ಸೂಜಿಯನ್ನು ಒಂದು ವಾರದ ಮಟ್ಟಿಗೆ ದಿನವೂ ತಪ್ಪದೆ ಹಾಕಬೇಕು. ಆಸ್ಪತ್ರೆಯಲ್ಲಿ ಅಷ್ಟು ದಿನಕ್ಕೆ ಹಾಸಿಗೆ ಸಿಗುವುದಿಲ್ಲ. ಬಡಾವಣೆಯ ಔಷಧಿ ಅಂಗಡಿಗೆ ಹೋದರೆ ಅಂಗಡಿಯವನಿಗೆ ಚೀಟಿ ತೋರಿಸಬೇಕು, ಅವನ ತಂಗಿ ಹಾಜ್ಜಾ ಶೆಡ್ಲಿಯಾರ ಸೊಸೆ. ಇದು ಎಲ್ಲರೂ ಎಲ್ಲರ ನೆಂಟರಾಗಿರುವ ಊರು. ಹೀಗಾಗಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಾನೇ ಹಾಕಿಕೊಂಡು ಬರುತ್ತೇನೆಂದು ರಕ್ತ ಸಂಗ್ರಹ ಕೋಣೆಯ ಸಹಾಯಕಿ ಮೊಂಜಿಯಾ ವರ್ಷಗಳ ಹಿಂದೆ ಇಂಥದೇ ಒಬ್ಬ ರೋಗಿಗಾಗಿ ಹೇಳಿದ್ದರು. ಆಮೇಲೆ ಅದು ಅವರ ಕೆಲಸವೇ ಆಗಿಹೋಯಿತು. ಕೇಳಿದವರಿಗೆ 'ಸಕ್ಕರೆ' ಎಂಬ ಉತ್ತರವೂ ಅವರದೇ.

ಅವರು ಕೆರ್ಕೆನ್ನಾ ದ್ವೀಪದವರು. ಅಪ್ಪ ಸಮುದ್ರದ ತಳಕ್ಕೆ ಮಡಕೆ ಇಳಿಬಿಟ್ಟು ಆಕ್ಟೋಪಸ್ ಹಿಡಿಯುತ್ತಿದ್ದರು. ಮಡಕೆಯಲ್ಲಿ ಎರೆ ಇಡುತ್ತಿರಲಿಲ್ಲ. ಕತ್ತಲ ಗೂಡು ಸಿಕ್ಕಿತೆಂದು ಪ್ರಾಣಿ ತಾನಾಗಿ ಒಳಗೆ ಬರುವವರೆಗೆ ಕಾಯುವುದು ಆ ಕಸುಬಿನ ರೀತಿ. "ಸುಮ್ನೆ ಇರೋದು ನಮ್ಮಪ್ಪನಿಂದ ಬಂದಿದ್ದು," ಎನ್ನುತ್ತಾರೆ. ಮದುವೆಯಾಗಿ ಸ್ಫಾಕ್ಸ್‌ಗೆ ಬಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಆಗ ಕೊನೆಯ ಕೋಣೆಯಲ್ಲಿ ಎಚ್‌ಐವಿ ಇದ್ದ ಒಬ್ಬ ನಾವಿಕ ಮಲಗಿದ್ದ. ಅವನ ಊಟದ ತಟ್ಟೆಯನ್ನು ಬಾಗಿಲ ಹೊರಗೆ ನೆಲದ ಮೇಲಿಟ್ಟು ಕಾಲಿನಿಂದ ಒಳಗೆ ತಳ್ಳುತ್ತಿದ್ದರು.

"ನನಗೆ ಧೈರ್ಯ ಇತ್ತು ಅಂತಲ್ಲ. ಆ ತಟ್ಟೆ ನೆಲ ಉಜ್ಜೋ ಸದ್ದು ಕೇಳೋಕಾಗ್ತಿರಲಿಲ್ಲ. ಒಂದಿನ ಎತ್ತಿಕೊಂಡು ಹೋಗಿ ಕೈಗೆ ಕೊಟ್ಟೆ. ಅವನು ಊಟ ಮಾಡಲಿಲ್ಲ, ನನ್ನೇ ನೋಡ್ತಾ ಕೂತ."

ಮರುದಿನದಿಂದ ಚಹಾದ ಹೊತ್ತಿಗೆ ಜೊತೆಗಾರರು ಅವರಿಗೆ ಬೇರೆ ಲೋಟ ಇಟ್ಟರು. ಅವರು ಜಗಳವಾಡಲಿಲ್ಲ, ಆ ಲೋಟಕ್ಕೆ ಹೂವಿನ ಚಿತ್ರವಿರುವ ಕಾಗದ ಅಂಟಿಸಿಕೊಂಡರು. ವರ್ಷಗಳು ಹೋದವು. ಡಾಕ್ಟರ್ ಸಿಹೆಮ್ ಬಂದ ಮೇಲೆ ತರಬೇತಿಗೆ ಕಳಿಸಿದರು, ಪೊರಕೆ ಹೋಗಿ ಸಿರಿಂಜು ಬಂತು. ಗಂಡ ಹೇದಿ ಮೊಪೆಡ್ ರಿಪೇರಿ ಮಾಡುವವರು. ಅವರ ಬಗ್ಗೆ ಕೇಳಿದರೆ ಮೊಂಜಿಯಾ ಸ್ವಲ್ಪ ನಾಚುತ್ತಾರೆ. "ಇಷ್ಟು ಬೆಳಿಗ್ಗೆ ಎಲ್ಲಿಗೆ ಅಂತ ಇವತ್ತಿನವರೆಗೂ ಕೇಳಿಲ್ಲ. ವಾರಕ್ಕೊಮ್ಮೆ ಚೈನ್ ಬಿಗಿ ಮಾಡಿ, ಟೋಪಿ ಹಾಕ್ಕೋ ಅಂತಾರೆ. ಅಷ್ಟೇ."

ತಮ್ಮ ಬಗ್ಗೆ ಬರೆಯುವುದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. "ಹೆಸರು ಹಾಕಬೇಡಿ. ಹಾಕಲೇಬೇಕು ಅಂದ್ರೆ ಮೊಂಜಿಯಾ ಅಂತ ಹಾಕಿ. ಆ ಹೆಸರು ನನಗೆ ಚಿಕ್ಕಂದಿನಿಂದ ಇಷ್ಟ," ಎಂದರು. ಉಳಿದವರ ಹೆಸರುಗಳನ್ನೂ ಅವರೇ ಹುಡುಕಿಕೊಟ್ಟದ್ದು.

ಯಂತ್ರದ ದಿನ. ಮಕ್ರಮ್ ಒರಗು ಕುರ್ಚಿಯಲ್ಲಿ ಮಲಗಿದ್ದಾನೆ. ಒಂದು ತೋಳಿನಿಂದ ರಕ್ತ ಹೊರಗೆ ಹೋಗುತ್ತದೆ. ಯಂತ್ರ ಅದನ್ನು ಗಿರ್ರನೆ ತಿರುಗಿಸಿ ಬೇಕಾದ ಕೋಶಗಳನ್ನು ಮೇಲೆ ತೂಗುವ ಚೀಲಕ್ಕೆ ಕಳಿಸುತ್ತದೆ, ಮಿಕ್ಕದ್ದು ಇನ್ನೊಂದು ತೋಳಿಗೆ ವಾಪಸು. ಹೀಗೆ ಕೆಲವು ತಾಸು. ಎರಡು ತೋಳನ್ನೂ ಮಡಚುವಂತಿಲ್ಲ. ಅಷ್ಟು ಹೊತ್ತೂ ರೋಗಿಯ ಕೈಗಳು ಮೊಂಜಿಯಾರವೇ.

"ಚಿಕ್ಕಮ್ಮ, ಮೂಗು."

"ಎಡವೋ ಬಲವೋ?"

"ತುದಿ. ಇನ್ನೂ ಮೇಲೆ. ಹಾಂ, ಅಲ್ಲೇ."

"ಮೂವತ್ತನಾಲ್ಕು ವರ್ಷ ತುರಿಸದ ಮೂಗು ಇಲ್ಲಿಗೆ ಬಂದ ಕೂಡಲೇ ತುರಿಸುತ್ತೆ, ಎಲ್ಲರಿಗೂ ಅಷ್ಟೇ. ನಿನ್ನ ಹೆಂಡ್ತಿ ಬರಲಿ, ನಿನ್ನ ಮೂಗಿನ ಸಂಗತಿ ಎಲ್ಲಾ ಹೇಳಿಕೊಡ್ತೀನಿ."

ಬೆಳಗಿನ ರಕ್ತ ಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರ್ ಸಿಹೆಮ್ ಬಾಗಿಲಲ್ಲೇ ನಿಂತು ಹೆಬ್ಬೆರಳೆತ್ತಿ ತೋರಿಸಿದರು. ತಾಯಂದಿರು ಬೀದಿಗೆ ಬಂದಿದ್ದಾರೆ, ಧಾರಾಳವಾಗಿ. ಕೋಣೆ ಹಗುರಾಯಿತು. ಮಕ್ರಮ್ ಬಕ್ಲಾವಾಕ್ಕೆ ಪಾಕ ಬಿಸಿಯಿದ್ದಾಗ ಹುಯ್ಯಬೇಕೋ ಆರಿದ ಮೇಲೋ ಎಂದು ಹೇಳತೊಡಗಿದ. ಹೇಳುತ್ತ ಹೇಳುತ್ತ ಅವನ ಮಾತು ತೆಳ್ಳಗಾಯಿತು.

"ಹೇಗಿದೀಯ ಮಗಾ?"

"ಚೆನ್ನಾಗಿದೀನಿ, ದೇವರ ದಯೆ."

ಈ ಊರಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಿಲ್ಲ. ಮುಳುಗುತ್ತಿರುವವನನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾನೆ. ಮೊಂಜಿಯಾ ಅವನ ಹಣೆ ಮುಟ್ಟಿದರು. ತಣ್ಣನೆಯ ಬೆವರು. ತುಟಿ ಬಿಳಚಿತ್ತು. ಅವರು ಕೂಗಿದ ದನಿಗೆ ಪಕ್ಕದ ಕೋಣೆಯವರೂ ಓಡಿಬಂದರು. ರಕ್ತದೊತ್ತಡ ಬಿದ್ದಿತ್ತು. ಕಾಲು ಎತ್ತರಿಸಿದರು, ದ್ರವ ಹಾಕಿದರು, ಸ್ವಲ್ಪ ಹೊತ್ತಿಗೆ ಮತ್ತೆ ಶುರು ಮಾಡಿದರು. ಮತ್ತೆ ಬಿತ್ತು. ಡಾಕ್ಟರ್ ಯಂತ್ರ ನಿಲ್ಲಿಸಿದರು. ಚೀಲದಲ್ಲಿ ಬೇಕಾದ್ದರ ಅರ್ಧವೂ ಇರಲಿಲ್ಲ.

"ಬೆಳಿಗ್ಗೆ ಏನು ತಿಂದಿದ್ರಿ ಮಕ್ರಮ್?" ಅವನು ಚೇತರಿಸಿಕೊಂಡ ಮೇಲೆ ಡಾಕ್ಟರ್ ಕೇಳಿದರು.

ಅವನು ಮೊಂಜಿಯಾರ ಕಡೆ ನೋಡಿ ಕಣ್ಣು ತಪ್ಪಿಸಿದ. "ತಿನ್ನಲಿಲ್ಲ. ಹಾಜ್ಜಾ ಕೊಟ್ಟ ಕಷಾಯ ಕುಡಿದೆ."

"ಯಾವ ಕಷಾಯ?"

"ಆಲಿವ್ ಎಲೆದು. ಸಕ್ಕರೆಗೆ ಒಳ್ಳೇದು ಅಂತ ಅವರ ಅಣ್ಣನ ತೋಟದಿಂದ ಕೊಂಬೆ ತರಿಸಿದಾರೆ. ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು. ಖಾಲಿ ಹೊಟ್ಟೇಲಿ ಕುಡೀಬೇಕು, ಆಮೇಲೂ ಬಹಳ ಹೊತ್ತು ಏನೂ ತಿನ್ನಬಾರದಂತೆ. ಮೊದಲ ಸೂಜಿಯಿಂದಲೂ ಕೊಡ್ತಿದಾರೆ. ಲೋಟ ಖಾಲಿ ಆಗೋವರೆಗೂ ಎದುರಿಗೇ ನಿಂತಿರ್ತಾರೆ."

"ಬೇಡ ಅನ್ನಬಹುದಿತ್ತಲ್ಲೋ?" ಮೊಂಜಿಯಾ ಕೇಳಿದರು.

"ಏನಂತ ಬೇಡ ಅನ್ಲಿ ಚಿಕ್ಕಮ್ಮ? ನನಗೆ ಸಕ್ಕರೆ ಇಲ್ಲ ಅನ್ಲಾ? ಹಾಗಾದ್ರೆ ಸೂಜಿ ಯಾತಕ್ಕೆ ಅಂತಾರೆ."

ಕಷಾಯವೊಂದೇ ಕಾರಣವೆಂದು ಡಾಕ್ಟರ್ ಹೇಳಲಿಲ್ಲ. ನಿದ್ದೆಗೆಟ್ಟಿದ್ದ, ಹೊಟ್ಟೆ ಖಾಲಿಯಿತ್ತು, ಅದರ ಮೇಲೆ ಒತ್ತಡ ಇಳಿಸುವ ಎಲೆಯ ರಸ. ನಾಳೆ ಬೆಳಿಗ್ಗೆ ಇನ್ನೊಂದು ಸೂಜಿ ಹಾಕಿ ಮತ್ತೊಮ್ಮೆ ಪ್ರಯತ್ನಿಸಬಹುದು. ಅದೂ ತಪ್ಪಿದರೆ ವಾರಗಟ್ಟಲೆ ಬಿಟ್ಟು ಮೊದಲಿಂದ ಶುರು ಮಾಡಬೇಕು. ಅಷ್ಟು ದಿನ ಕ್ಯಾನ್ಸರ್ ಕೈಕಟ್ಟಿ ಕೂರುವುದಿಲ್ಲ. ಇದನ್ನು ಡಾಕ್ಟರ್ ಸಮಾಧಾನದಿಂದಲೇ ಹೇಳಿದರು. ಮೊಂಜಿಯಾ ಕೊಳವೆಗಳನ್ನು ಸುತ್ತಿ ಎತ್ತಿಟ್ಟರು. ಅವರು ಇಷ್ಟು ವರ್ಷ ಹೇಳಿದ ಸುಳ್ಳು ಯಾರಿಗೂ ಕೇಡು ಮಾಡಿರಲಿಲ್ಲ. ಬಾಗಿಲು ಮುಚ್ಚಿ ಮರ್ಯಾದೆ ಉಳಿಸಿತ್ತು, ಅಷ್ಟೇ. ಅದರ ಮೇಲೆ ಯಾರೋ ಇಷ್ಟೊಂದು ಪ್ರೀತಿ ಸುರಿಯಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಸಂಜೆ ಮನೆಗೆ ಹೋಗದೆ ಮೊಪೆಡ್ ಬಾಬ್ ಜೆಬ್ಲಿಯ ಕಡೆ ತಿರುಗಿತು.

ಹಾಜ್ಜಾ ಅಂಗಳದಲ್ಲಿ ಎಲೆ ಬಿಡಿಸುತ್ತ ಕೂತಿದ್ದರು. ಬುಟ್ಟಿ ತುಂಬಿತ್ತು.

"ಹಾಜ್ಜಾ, ಇವತ್ತು ಹುಡುಗ ಆಸ್ಪತ್ರೇಲಿ ತಲೆ ತಿರುಗಿ ಬಿದ್ದ."

"ಅಯ್ಯೋ ದೇವರೇ!"

"ಈಗ ಹುಷಾರಾಗಿದಾನೆ, ಒಳಗೆ ಮಲಗಿದಾನೆ. ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಮೇಲೆ ಹೋಗೋದು ಎಷ್ಟು ಕೆಟ್ಟದ್ದೋ ಪಾತಾಳಕ್ಕೆ ಇಳಿಯೋದೂ ಅಷ್ಟೇ ಕೆಟ್ಟದ್ದು."

ಹಾಜ್ಜಾರ ಕೈ ಬುಟ್ಟಿಯ ಮೇಲೆ ನಿಂತಿತು. "ನನ್ನ ಕಷಾಯದಿಂದಾನಾ?"

"ಹೂಂ."

"ಅಷ್ಟು ಜೋರಾ ನನ್ನ ಕಷಾಯ?" ದನಿಯಲ್ಲಿ ಗಾಬರಿಯಿತ್ತು. ಗಾಬರಿಯ ಅಡಿಯಲ್ಲಿ ಎಲ್ಲೋ ತುಸು ಹೆಮ್ಮೆಯೂ ಇತ್ತು.

"ಜೋರು ಅಂದ್ರೆ ಜೋರು. ಆಸ್ಪತ್ರೆ ಔಷಧಿ ಅದರ ಮುಂದೆ ಏನೂ ಇಲ್ಲ. ಅದಕ್ಕೇ ಇನ್ಮೇಲೆ ಒಂದು ತೊಟ್ಟೂ ಬೇಡ. ನಾಳೆ ಅವನಿಗೆ ಬಲ ಬರೋದು ಏನಾದ್ರೂ ತಿನ್ನಿಸಬೇಕು. ಸಿಹಿಯಾಗಿದ್ರೂ ಪರವಾಗಿಲ್ಲ."

ಮುದುಕಿ ಬುಟ್ಟಿಯನ್ನು ಕಾಲಿನಿಂದ ಆಚೆ ಸರಿಸಿದರು. ಅಂಗಳದ ನಲ್ಲಿ ತೊಟ್ಟಿಕ್ಕುತ್ತಿತ್ತು.

"ನನ್ನ ಯಜಮಾನರಿಗೂ ಸಕ್ಕರೆ ಇತ್ತು," ಎಂದರು ಕೊನೆಗೆ. "ಸಾಯೋವರೆಗೂ ಸೂಜಿ ಚುಚ್ಚಿದ್ದೇ ಚುಚ್ಚಿದ್ದು. ಇವನಿಗೆ ಮಾತ್ರ ಬರೀ ಒಂದು ವಾರ ಅಂತೀಯ."

ಮೊಂಜಿಯಾ ಟೋಪಿ ತೆಗೆದು ಮಡಚತೊಡಗಿದರು.

"ಇರಲಿ. ಹೊಸ ಔಷಧಿ ಬಂದಿರಬೇಕು."

"ಹೊಸ ಔಷಧಿ ಹಾಜ್ಜಾ."

"ಹಾಂ. ನಮಗೇನು ಗೊತ್ತಾಗುತ್ತೆ." ಮಂಡಿ ಹಿಡಿದು ಎದ್ದು, ಅಡುಗೆಮನೆಯ ಮೇಲಿನ ಗೂಡಿನಿಂದ ಎಳ್ಳಿನ ಡಬ್ಬಿ ಇಳಿಸಿದರು. "ಝ್ರೀರ್ ಮಾಡ್ತೀನಿ. ಮೂರು ಹೆರಿಗೆ ಆದ ಮೇಲೂ ನನ್ನನ್ನ ಎಬ್ಬಿಸಿ ನಿಲ್ಲಿಸಿದ್ದು ಅದೇ. ನಿಂತಿದೀಯಲ್ಲ, ಆ ಬಾದಾಮಿ ಕುಟ್ಟು."

ಎಳ್ಳು, ಬಾದಾಮಿ, ಜೇನು, ಬೆಣ್ಣೆ ಹಾಕಿ ತಿರುವುವ ಝ್ರೀರ್ ಬಾಣಂತಿಯ ತಿನಿಸು. ಮಗು ಹುಟ್ಟಿದ ಮನೆಯಲ್ಲದೆ ಬೇರೆಡೆ ಅದರ ವಾಸನೆ ಏಳುವುದಿಲ್ಲ. ಎಳ್ಳು ಹುರಿದು ಇನ್ನೂ ಕೆಳಗಿಳಿಸಿಲ್ಲ, ಪಕ್ಕದ ಮಾಳಿಗೆಯಿಂದ ಒಬ್ಬಳು ಇಣುಕಿದಳು.

"ಹಾಜ್ಜಾ, ಶುಭವಾಗ್ಲಿ! ಯಾರು ಹೆತ್ತಿದ್ದು?"

"ನನ್ನ ಬೆಕ್ಕು!" ಹಾಜ್ಜಾ ಕೂಗಿದರು. "ಇಳಿದು ಬಾ, ಬಂದು ತೊಟ್ಟಿಲು ತೂಗು."

ಮಾಳಿಗೆಯ ಮುಖ ನಗುತ್ತ ಮರೆಯಾಯಿತು. ಒಳಗೆ ಮಲಗಿದ್ದ ಮಕ್ರಮ್ ನಗುವುದು ಬಾಗಿಲಾಚೆಗೂ ಕೇಳಿಸಿತು. ಮೊಂಜಿಯಾ ಕುಟ್ಟಾಣಿ ಹಿಡಿದು, ಅವತ್ತು ಮೊದಲ ಬಾರಿಗೆ, ಅಳು ಬರುವಷ್ಟು ನಕ್ಕರು.

ಮರುದಿನ ಬೆಳಗಿನ ಸೂಜಿಯಾದ ಮೇಲೆ ಒಂದು ಬಟ್ಟಲು ಜೋಳದ ಗಂಜಿ, ಎರಡು ಮೊಟ್ಟೆ, ಅದರ ಹಿಂದೆ ಝ್ರೀರ್. ಎಲ್ಲವನ್ನೂ ಹಾಜ್ಜಾ ತಾವೇ ಎದುರಿಗೆ ನಿಂತು ತಿನ್ನಿಸಿದರು. ಉಳಿದ ಝ್ರೀರ್ ಕ್ಯಾರಿಯರಿನ ನಡುವಿನ ಡಬ್ಬಿಗೆ ಹೋಯಿತು. ಡಾಕ್ಟರ್ ಸಿಹೆಮ್ ಮುಚ್ಚಳ ತೆಗೆದು ಮೂಸಿ, ಬೆರಳಿನಿಂದ ಒಂದಿಷ್ಟು ನೆಕ್ಕಿ, ಒಪ್ಪಿಗೆ ಕೊಟ್ಟರು. ರಕ್ತ ಹೆಪ್ಪುಗಟ್ಟದಂತೆ ಯಂತ್ರದಲ್ಲಿ ಬೆರೆಸುವ ದ್ರವ ಮೈಯ ಕ್ಯಾಲ್ಸಿಯಂ ಕಡಿಮೆ ಮಾಡುತ್ತದೆ, ಆಗ ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ. ಅದಕ್ಕೆ ಮಾತ್ರೆ ಇದ್ದೇ ಇದೆ, ಜೊತೆಗೆ ಎಳ್ಳೂ ಇದ್ದರೆ ಒಳ್ಳೆಯದೇ ಎಂದರು.

ಯಂತ್ರ ತಿರುಗತೊಡಗಿತು. ಮೊಂಜಿಯಾ ಸಣ್ಣ ಚಮಚದಿಂದ ಅವನ ಬಾಯಿಗಿಡುತ್ತ ಹೋದರು.

"ಎಳ್ಳು ಒಂಚೂರು ಜಾಸ್ತಿ ಹುರಿದಿದಾರೆ ಚಿಕ್ಕಮ್ಮ. ನಾನಾಗಿದ್ರೆ ಇನ್ನೂ ಬಣ್ಣ ತಿರುಗೋ ಮುಂಚೆ..."

"ಬಾಯಿ ಮುಚ್ಚಿ ತಿನ್ನೋ ಬಾಣಂತಿ."

"ಬಾಯಿ ಮುಚ್ಚಿಕೊಂಡು ಹೇಗೆ ತಿನ್ಲಿ?"

ಇವತ್ತು ಅವರು 'ಹೇಗಿದೀಯ' ಎಂದು ಒಮ್ಮೆಯೂ ಕೇಳಲಿಲ್ಲ. ಬದಲಿಗೆ ಬಕ್ಲಾವಾದ ಪಾಕ, ಹಿಟ್ಟಿನ ಹದ, ಮಾಲೀಕನ ಜಿಪುಣತನ ಎಂದು ಒಂದರ ಹಿಂದೆ ಒಂದು ಕೇಳುತ್ತ ಅವನ ದನಿಯನ್ನೇ ಕೇಳಿಸಿಕೊಂಡರು. ಎಲ್ಲಿ ತೆಳ್ಳಗಾಗುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಕಿವಿಯಿಟ್ಟು ಕೂತರು. ಒಂದು ಸಲ ಅವನು ಮಾತು ನಿಲ್ಲಿಸಿದ. ಅವರ ಕೈಯ ಚಮಚ ಗಾಳಿಯಲ್ಲೇ ನಿಂತಿತು. ಅವನಿಗೆ ನಿದ್ದೆ ಬಂದಿತ್ತು. ಹಣೆ ಬೆಚ್ಚಗಿತ್ತು. ಮೇಲೆ ಚೀಲ ಸದ್ದಿಲ್ಲದೆ ತುಂಬುತ್ತಿತ್ತು, ಟೊಮೆಟೊ ಸಾರಿನ ಬಣ್ಣಕ್ಕೆ.

ಯಂತ್ರ ತಾನಾಗಿ ನಿಲ್ಲುವವರೆಗೂ ಓಡಿತು. ಚೀಲವನ್ನು ಕೆಳಗಿನ ಪ್ರಯೋಗಾಲಯದ ಬಾಗಿಲವರೆಗೆ ಒಯ್ಯುವುದು ಮೊಂಜಿಯಾರ ಕೆಲಸ, ಅದರಾಚೆ ಅವರಿಗೆ ಪ್ರವೇಶವಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. "ಮೈಯಿಂದ ಈಗಷ್ಟೇ ಬಂದಿರುತ್ತಲ್ಲ, ಬೆಚ್ಚಗಿರುತ್ತೆ," ಎನ್ನುತ್ತಾರೆ. "ಆ ಮೆಟ್ಟಿಲಲ್ಲಿ ನಾನು ಯಾರ ಹತ್ರಾನೂ ಮಾತಾಡಲ್ಲ. ಎದುರಿಗೆ ಬಂದವರು ಸಲಾಂ ಹೇಳಿದ್ರೂ ಕಣ್ಣಲ್ಲೇ ಉತ್ತರ." ಎಣಿಕೆ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಎರಡು ದಿನದ್ದೂ ಸೇರಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಂದಿತ್ತು. ಡಾಕ್ಟರ್ ಮೇಲೆ ಬಂದು ಹೇಳಿದಾಗ ಮೊಂಜಿಯಾ ತಲೆಯಾಡಿಸಿ, ಕ್ಯಾರಿಯರ್ ತೊಳೆಯಲು ಹೋದರು. ನಲ್ಲಿ ಬಿಟ್ಟುಕೊಂಡು ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದರು.

ಆಮೇಲಿನದು ಮಕ್ರಮ್ ಪಾಲಿನ ಕಷ್ಟದ ಕಾಲ. ಕಟುವಾದ ಔಷಧಿ, ಉದುರಿದ ಕೂದಲು, ಗಾಜಿನ ಕಿಟಕಿಯ ಕೋಣೆ. ಅವನವೇ ಕೋಶಗಳು ಅವನೊಳಗೆ ಮರಳಿ ಹೋಗಿ ದಾರಿ ಹುಡುಕಿಕೊಂಡು ಮೂಳೆಯ ಮನೆ ಸೇರಿದವು. ಅಷ್ಟೂ ದಿನ ಹಾಜ್ಜಾ ಅವನ ಕೋಣೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಲಿಲ್ಲ. ಸಕ್ಕರೆ ಕಾಯಿಲೆಯವನು ಇಷ್ಟು ದಿನ ಎಲ್ಲಿ ಹೋದನೆಂದು ಬೀದಿಯಲ್ಲಿ ಕೇಳಿದವರಿಗೆ, ದ್ವೀಪದಲ್ಲಿ ಅವನಮ್ಮನ ಮನೆಯಲ್ಲಿದ್ದಾನೆ, ಅಲ್ಲಿನ ಗಾಳಿ ಒಳ್ಳೆಯದು ಎಂದು ತಾವೇ ಹೇಳಿ ಬಾಯಿ ಮುಚ್ಚಿಸಿದರು. ಅದನ್ನು ಹೇಳಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊಂಜಿಯಾ ಒಂದು ಬದಲಾವಣೆ ಮಾಡಿಕೊಂಡಿದ್ದಾರೆ. ಈಗ ಹೊಸ ಮನೆಗೆ ಹೋದರೆ ಸೂಜಿ ತೆಗೆಯುವ ಮೊದಲು ಅಡುಗೆಮನೆಗೆ ಹೋಗುತ್ತಾರೆ. ಒಲೆಯ ಮೇಲೆ ಏನಿದೆ, ಯಾರು ಏನು ಕಳಿಸಿದ್ದಾರೆ, ನೆರೆಯವರಲ್ಲಿ ಅತಿ ಪ್ರೀತಿಯವರು ಯಾರು ಎಂದು ವಿಚಾರಿಸುತ್ತಾರೆ. "ರೋಗ ಹೇಗಿದೆ ಅಂತ ಡಾಕ್ಟ್ರು ನೋಡ್ಕೋತಾರೆ. ಪಕ್ಕದ ಮನೆಯವರನ್ನ ನಾನು ನೋಡ್ಕೋಬೇಕು," ಎನ್ನುತ್ತಾರೆ.

ಆ ಚಳಿಗಾಲ ಹೋಗಿ ಇನ್ನೊಂದು ಬಂದಿದೆ. ಚಿಕಿತ್ಸೆ ಮುಗಿದವರೊಂದಿಗೆ ಮೊಂಜಿಯಾರದು ಒಂದು ಒಪ್ಪಂದ, ಯಾರೂ ಬಾಯಿಬಿಟ್ಟು ಮಾಡಿಕೊಂಡದ್ದಲ್ಲ. ಬೀದಿಯಲ್ಲಿ ಎದುರಾದರೆ ಅವರು ಮುಖ ತಿರುಗಿಸುತ್ತಾರೆ, ಇವರೂ ತಿರುಗಿಸುತ್ತಾರೆ. ಆ ಆಸ್ಪತ್ರೆಯ ಆ ಕೋಣೆಯ ಹೆಂಗಸು ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಹುಟ್ಟಬಾರದು. ಒಬ್ಬಾಕೆ ಮದುವೆ ಮನೆಯಲ್ಲಿ ಪಕ್ಕದಲ್ಲೇ ಕೂತು ಉಂಡು, ಬೀಗಿತ್ತಿಯ ಠೀವಿಯಲ್ಲಿ ಹೊಸಬರನ್ನು ಮಾತಾಡಿಸುವಂತೆ 'ನೀವು ಯಾವ ಊರಿನವರು' ಎಂದು ಕೇಳಿದ್ದಳು. ಬಸ್ಸಿನಲ್ಲಿ ಒಬ್ಬ ಮಾತಿಲ್ಲದೆ ಎದ್ದು ಜಾಗ ಬಿಟ್ಟುಕೊಟ್ಟು ಕಿಟಕಿಯಾಚೆ ನೋಡುತ್ತ ನಿಂತಿದ್ದ. ಬೇಸರವಾಗುವುದಿಲ್ಲವೇ ಎಂದರೆ ಅವರಿಗೆ ಪ್ರಶ್ನೆಯೇ ಅರ್ಥವಾದಂತಿಲ್ಲ.

ಹಬ್ಬದ ಹಿಂದಿನ ಸಂಜೆ. ಸಿಹಿತಿಂಡಿ ಅಂಗಡಿಯ ಮುಂದೆ ಜನ ಒಬ್ಬರ ಹೆಗಲ ಮೇಲೊಬ್ಬರು. ಗಾಜಿನ ಕಪಾಟಿನ ಹಿಂದೆ ಬಿಳಿ ಟೋಪಿಯ ಮಕ್ರಮ್. ಹೊಸದಾಗಿ ಬಂದ ಕೂದಲು ಮೊದಲಿನ ಹಾಗಲ್ಲದೆ ಗುಂಗುರಾಗಿ ಟೋಪಿಯ ಕೆಳಗೆ ಇಣುಕುತ್ತಿದೆ. ಕೆನ್ನೆ ತುಂಬಿಕೊಂಡಿದೆ. ಒಂದು ಕೈಯಲ್ಲಿ ತೂಕ ಮಾಡುತ್ತ, ಇನ್ನೊಂದರಲ್ಲಿ ದಾರ ಕಟ್ಟುತ್ತ, ಗದ್ದಲದ ಮೇಲೆ ದನಿಯೆತ್ತಿ ಜೊತೆಯವರನ್ನು ಗದರಿಸುತ್ತಿದ್ದಾನೆ. ಆ ದನಿ ಎಲ್ಲಿಯೂ ತೆಳ್ಳಗಾಗುತ್ತಿಲ್ಲ.

ಮೊಂಜಿಯಾರ ಸರದಿ ಬರುತ್ತದೆ.

"ಏನ್ ಕೊಡ್ಲಿ ಅಮ್ಮ?"

"ಬಕ್ಲಾವಾ. ಅರ್ಧ ಕಿಲೋ."

"ಬಾದಾಮಿದಾ, ಪಿಸ್ತಾದಾ?"

"ಬಾದಾಮಿದೇ ಕೊಡಪ್ಪ."

ಅವನು ತುಂಡುಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಯಲ್ಲಿ ಜೋಡಿಸುತ್ತಾನೆ, ದಾರ ಕಟ್ಟಿ ಮುಂದೆ ನೂಕುತ್ತಾನೆ. "ಹಬ್ಬದ ಶುಭಾಶಯ ಅಮ್ಮ," ಎಂದು ಎಲ್ಲರಿಗೂ ಹೇಳಿದಂತೆ ಹೇಳಿ, ಅವರ ತಲೆಯ ಮೇಲಿಂದ ಹಿಂದಿನವರನ್ನು ನೋಡುತ್ತಾನೆ. "ಮುಂದೆ ಯಾರು? ಬೇಗ, ಬೇಗ!"

ಹೊರಗೆ ಬಂದು ಮೊಪೆಡ್ ಪಕ್ಕದಲ್ಲಿ ಮೊಂಜಿಯಾ ನಿಲ್ಲುತ್ತಾರೆ. ಉಣ್ಣೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾರೆ. ಮುಖದಲ್ಲಿ ಮಗಳ ಮದುವೆ ಮುಗಿಸಿ ಬಂದವರ ಕಳೆ.

"ನೋಡಿದ್ರಾ," ಎನ್ನುತ್ತಾರೆ ಇದನ್ನು ಬರೆಯಲು ಜೊತೆಗೆ ಬಂದವರಿಗೆ, ಮೆಲ್ಲಗೆ. "ಎಷ್ಟು ಚೆನ್ನಾಗಿ ಗುರುತು ಹಿಡೀಲಿಲ್ಲ!"